ಗುಜರಿಯಿಂದ ಎದ್ದ ಭವಿಷ್ಯ

ಎಂದೂ ಇಲ್ಲದ ಒಂದು ಯಂತ್ರವನ್ನು ಕಲ್ಪಿಸಿಕೊಳ್ಳಿ. ಯಾವ ಕಾರ್ಖಾನೆಯಲ್ಲೂ ಅದು ತಯಾರಾಗಿಲ್ಲ, ಯಾವ ನೆಲದ ಮೇಲೂ ಓಡಿಲ್ಲ. ಅದರ ಬಗ್ಗೆ ನಮಗಿರುವ ಒಂದೇ ಆಧಾರ ಯಾರೋ ಕಲಾವಿದ ಬರೆದ ಒಂದು ಚಿತ್ರ. ಆ ಚಿತ್ರವನ್ನು ಮುಂದಿಟ್ಟುಕೊಂಡು, ಸಿದ್ಧ ಕಿಟ್ಟಿನ ನೆರವಿಲ್ಲದೆ, ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಅಂಟಿಸಿ, ಅದರ ಪುಟ್ಟ ಪ್ರತಿಕೃತಿಯನ್ನು ಮೊದಲಿನಿಂದ ಕಟ್ಟುವುದಕ್ಕೆ ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ. ಕಟ್ಟಿ, ಬಣ್ಣ ಹಚ್ಚಿ ಮುಗಿಸಿದ ಮೇಲೆ ಇನ್ನೊಂದು ವಿಚಿತ್ರವಾದ ಕೆಲಸ ಶುರುವಾಗುತ್ತದೆ. ಅಷ್ಟು ಜತನದಿಂದ ಹಚ್ಚಿದ ಬಣ್ಣವನ್ನು ಅಲ್ಲಲ್ಲಿ ಕೆರೆಯಬೇಕು, ಮೂಲೆಗಳಲ್ಲಿ ತುಕ್ಕು ಬರಿಸಬೇಕು, ಎಣ್ಣೆ ಸೋರಿದ ಗೆರೆಗಳನ್ನು ಎಳೆಯಬೇಕು, ಕೆಳಭಾಗಕ್ಕೆ ಧೂಳು ಮೆತ್ತಬೇಕು. ಇದರ ಹೆಸರು ವೆದರಿಂಗ್. ಎಂದೂ ಇಲ್ಲದ ಯಂತ್ರಕ್ಕೆ ಹೀಗೆ ಒಂದು ಹಳೆತನ ಬರುತ್ತದೆ.

ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿ. ನನ್ನ ಕೆಲಸ ಹಳ್ಳಿಗಳ ದಿನಬಳಕೆಯ ಉಪಕರಣಗಳ ಕುರಿತಾದದ್ದು. ಬೀಸುಕಲ್ಲಿನ ಗೂಟ ಯಾವ ಕಡೆ ಹೆಚ್ಚು ಸವೆದಿದೆ, ಒನಕೆಯ ಯಾವ ಭಾಗದಲ್ಲಿ ಮರ ನುಣುಪಾಗಿದೆ, ಕುಡುಗೋಲಿನ ಹಿಡಿಯನ್ನು ಎಷ್ಟು ಸಲ ಬದಲಿಸಿದ್ದಾರೆ, ಇಂಥವುಗಳನ್ನು ನೋಡಿ ಬಳಸಿದ ಕೈಗಳ ಬಗ್ಗೆ ಊಹಿಸುವುದು ನನ್ನ ಓದಿನ ಒಂದು ಭಾಗ. ಬರೆದಿಟ್ಟ ದಾಖಲೆ ಇಲ್ಲದ ಜನರ ಇತಿಹಾಸಕ್ಕೆ ಎಷ್ಟೋ ಸಲ ಸವೆತವೇ ದಾಖಲೆ. ಸಂಜೆ ಹೊತ್ತಿನ ನನ್ನ ಹವ್ಯಾಸ ಮಾತ್ರ ಇದರ ತಿರುವುಮುರುವು. ಹಗಲಲ್ಲಿ ಸವೆತ ನೋಡಿ ಬಳಕೆಯನ್ನು ಊಹಿಸುತ್ತೇನೆ, ರಾತ್ರಿ ಇಲ್ಲದ ಬಳಕೆಯನ್ನು ಊಹಿಸಿ ಸವೆತವನ್ನು ಸೃಷ್ಟಿಸುತ್ತೇನೆ. ಈ ಎರಡು ಕೆಲಸಗಳಿಗೆ ಸಂಬಂಧವೇನು ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ನನ್ನ ಜೊತೆಗಿದೆ. ಅದನ್ನು ಬಿಡಿಸಿಕೊಳ್ಳಲು ಈ ಕಲೆಯ ಇತಿಹಾಸಕ್ಕೇ ಹೋಗಬೇಕಾಯಿತು.

ಆ ಇತಿಹಾಸದ ನಡುಮಧ್ಯದಲ್ಲಿ ನಿಂತಿರುವುದು 1977ರ ಮೇ 25ರಂದು ಅಮೆರಿಕದಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’. ಆದರೆ ಅದರ ಬೇರುಗಳು ಇನ್ನೂ ಹಿಂದಿನವು.

1960ರ ದಶಕದ ನಡುವಿನಲ್ಲಿ ಬ್ರಿಟನ್ನಿನ ದೂರದರ್ಶನದಲ್ಲಿ ‘ಥಂಡರ್‌ಬರ್ಡ್ಸ್’ ಎಂಬ ಮಕ್ಕಳ ಬೊಂಬೆ ಸರಣಿ ಬರುತ್ತಿತ್ತು. ಅದರ ಸ್ಪೆಷಲ್ ಎಫೆಕ್ಟ್ಸ್ ನೋಡಿಕೊಳ್ಳುತ್ತಿದ್ದವರು ಡೆರೆಕ್ ಮೆಡಿಂಗ್ಸ್. ರಾಕೆಟ್ಟು, ವಿಮಾನ, ಜಲಾಂತರ್ಗಾಮಿ ಎಲ್ಲವೂ ಮಾಡೆಲ್‌ಗಳೇ. ಹೊಸದಾಗಿ ಬಣ್ಣ ಹೊಡೆದ ಮಾಡೆಲ್ ಕ್ಯಾಮೆರಾದ ಮುಂದೆ ಆಟಿಕೆಯಂತೆಯೇ ಕಾಣುತ್ತದೆ ಎಂಬುದು ಮೆಡಿಂಗ್ಸ್ ತಂಡಕ್ಕೆ ಬೇಗ ಗೊತ್ತಾಯಿತು. ಅವರು ಪೆನ್ಸಿಲ್ಲಿನಿಂದ ತಗಡಿನ ಜೋಡಣೆಯ ಗೆರೆ ಎಳೆದರು, ಪುಡಿಬಣ್ಣ ಉಜ್ಜಿ ಮಸಿ, ಹೊಗೆಯ ಗುರುತು ಮೂಡಿಸಿದರು. ಅಂಗಡಿಯ ಪ್ಲಾಸ್ಟಿಕ್ ಕಿಟ್ಟುಗಳ ಚೂರುಗಳನ್ನು ಅಂಟಿಸಿ ಪೈಪು, ಕವಾಟ, ಯಂತ್ರಭಾಗಗಳ ಭ್ರಮೆ ಹುಟ್ಟಿಸಿದರು. ಮುಂದೆ ಈ ಕಲೆಯ ಮೂಲಪಾಠಗಳಾದ ಎರಡು ಸಂಗತಿಗಳೂ, ಅಂದರೆ ಕೊಳೆ ಮತ್ತು ಕಿಟ್ಟಿನ ಚೂರು, ಇಲ್ಲಿ ಒಟ್ಟಿಗೇ ಸಿಗುತ್ತವೆ.

ಕೊಳೆ ಗಾತ್ರವನ್ನು ಹೇಗೆ ಹೆಚ್ಚಿಸುತ್ತದೆ? ಇದರ ಹಿಂದೆ ಸರಳವಾದ ತರ್ಕವಿದೆ. ನಾವು ಒಂದು ವಸ್ತುವಿನ ಗಾತ್ರವನ್ನು ಅಳೆಯುವುದು ಅದರ ಮೇಲಿನ ಸಣ್ಣ ಸಣ್ಣ ವಿವರಗಳಿಂದ. ಒಂದು ಲಾರಿಯ ಬಾಗಿಲಿನ ಬಳಿ ಕೈ ತಾಗಿ ತಾಗಿ ಬಣ್ಣ ಹೋಗಿರುವುದು ಅಂಗೈಯಗಲ. ಲಾರಿಯ ಮೈಗೆ ಹೋಲಿಸಿದರೆ ಅದು ಬಹಳ ಚಿಕ್ಕದು. ಅದೇ ಗುರುತು ಆಟಿಕೆಯ ಲಾರಿಯ ಮೇಲಿದ್ದರೆ ಅರ್ಧ ಲಾರಿಯನ್ನೇ ಆವರಿಸುತ್ತದೆ. ಮಾಡೆಲ್‌ನ ಮೇಲೆ ಕೂದಲೆಳೆಯಷ್ಟು ತೆಳುವಾದ ಗೀರು, ಚುಕ್ಕೆಯಷ್ಟು ತುಕ್ಕು ಇದ್ದರೆ, ‘ಈ ಗುರುತು ಇಷ್ಟು ಚಿಕ್ಕದಾಗಿ ಕಾಣುತ್ತಿದೆ, ಹಾಗಾದರೆ ವಸ್ತು ತುಂಬಾ ದೊಡ್ಡದಿರಬೇಕು’ ಎಂದು ಕಣ್ಣು ತಾನೇ ಲೆಕ್ಕ ಹಾಕುತ್ತದೆ. ಹೀಗೆ ನೋಡಿದರೆ ವೆದರಿಂಗ್ ಮೊದಲು ಹುಟ್ಟಿದ್ದು ಕಥೆ ಹೇಳಲು ಅಲ್ಲ, ಅಳತೆಯ ವಿಷಯದಲ್ಲಿ ಕಣ್ಣನ್ನು ನಂಬಿಸಲು.

1968ರ ‘2001: ಎ ಸ್ಪೇಸ್ ಒಡಿಸ್ಸಿ’ ಬೇರೆ ದಾರಿ ಹಿಡಿಯಿತು. ಸ್ಟಾನ್ಲಿ ಕುಬ್ರಿಕ್ ತನ್ನ ನೌಕೆಗಳ ವಿನ್ಯಾಸಕ್ಕೆ ನಾಸಾದಲ್ಲಿ ಚಿತ್ರಕಾರರಾಗಿದ್ದ ಹ್ಯಾರಿ ಲ್ಯಾಂಗೆ ಅವರನ್ನು ಕರೆತಂದರು. ಡಿಸ್ಕವರಿ ನೌಕೆಯ ದೊಡ್ಡ ಮಾಡೆಲ್ 54 ಅಡಿ ಉದ್ದವಿತ್ತು. ಅದರ ಮೈಮೇಲೂ ಕಿಟ್ಟುಗಳ ಚೂರುಗಳಿದ್ದವು. ಆದರೆ ಆ ನೌಕೆಗಳು ಬೆಳ್ಳಗೆ, ಶುಭ್ರವಾಗಿ, ಆಸ್ಪತ್ರೆಯ ಕೋಣೆಯಂತೆ ಕಾಣುತ್ತವೆ. ಅಪೊಲೊ ಯೋಜನೆಯ ಕಾಲದ ಭವಿಷ್ಯ ಹಾಗೇ ಇತ್ತು. ತಂತ್ರಜ್ಞಾನ ಮುಂದೆ ಹೋದಂತೆ ಜಗತ್ತು ಸ್ವಚ್ಛವಾಗುತ್ತದೆ ಎಂಬ ನಂಬಿಕೆ ಆ ಬಿಳಿಯಲ್ಲಿದೆ.

ಆ ಚಿತ್ರಕ್ಕೆ ಕೆಲಸ ಮಾಡಿದ್ದ ಡಗ್ಲಸ್ ಟ್ರಂಬುಲ್ 1972ರಲ್ಲಿ ‘ಸೈಲೆಂಟ್ ರನ್ನಿಂಗ್’ ನಿರ್ದೇಶಿಸಿದರು. ಭೂಮಿಯ ಕೊನೆಯ ಕಾಡುಗಳನ್ನು ಗಾಜಿನ ಗೋಳಗಳಲ್ಲಿ ಹೊತ್ತು ಸಾಗುವ ‘ವ್ಯಾಲಿ ಫೋರ್ಜ್’ ಎಂಬ ಸರಕುನೌಕೆಯ ಕಥೆ ಅದು. ಒಳಭಾಗದ ದೃಶ್ಯಗಳನ್ನು ತೆಗೆದದ್ದು ಸೇವೆಯಿಂದ ನಿವೃತ್ತವಾಗಿದ್ದ, ಅದೇ ಹೆಸರಿನ ನಿಜವಾದ ವಿಮಾನವಾಹಕ ಯುದ್ಧನೌಕೆಯಲ್ಲಿ. ಸುಮಾರು 26 ಅಡಿ ಉದ್ದದ ಮಾಡೆಲ್‌ನ ಮೈತುಂಬ ಜರ್ಮನ್ ಟ್ಯಾಂಕುಗಳ ಕಿಟ್ಟಿನ ಭಾಗಗಳು. ಕೆಲಸ ಮಾಡಿದ ತಂಡದಲ್ಲಿ ಜಾನ್ ಡೈಕ್‌ಸ್ಟ್ರಾ ಎಂಬ ಯುವಕನಿದ್ದ. ಮೂರು ವರ್ಷಗಳ ನಂತರ ಜಾರ್ಜ್ ಲೂಕಸ್ ತನ್ನ ಬಾಹ್ಯಾಕಾಶ ಕಥೆಗೆ ಎಫೆಕ್ಟ್ಸ್ ಮಾಡುವವರನ್ನು ಹುಡುಕಿದಾಗ ಸಿಕ್ಕಿದ್ದು ಇದೇ ಡೈಕ್‌ಸ್ಟ್ರಾ.

ಲೂಕಸ್‌ಗೆ ಬೇಕಿದ್ದದ್ದು ಬಳಸಿ ಹಳತಾದ ಜಗತ್ತು. ಅದನ್ನು ಕಾಗದದ ಮೇಲೆ ತಂದವರು ರಾಲ್ಫ್ ಮೆಕ್‌ಕ್ವಾರಿ. ಅವರು ಮೊದಲು ಬೋಯಿಂಗ್ ಕಂಪನಿಯಲ್ಲಿ ತಾಂತ್ರಿಕ ಚಿತ್ರಗಳನ್ನು ಬರೆಯುತ್ತಿದ್ದವರು. ಬಳಿಕ ಅಪೊಲೊ ಯಾನಗಳ ಸುದ್ದಿಪ್ರಸಾರಕ್ಕಾಗಿ ಸಿಬಿಎಸ್ ವಾಹಿನಿಗೆ ಚಿತ್ರಗಳನ್ನು ಮಾಡಿದರು. ಎಂಜಿನಿಯರನ ಗೆರೆಯೂ ಕನಸುಗಾರನ ಬೆಳಕೂ ಒಂದೇ ಕೈಯಲ್ಲಿದ್ದವು. 1975ರ ಆರಂಭದಲ್ಲಿ ಅವರು ಬರೆದ ಮರುಭೂಮಿಯಲ್ಲಿ ನಿಂತ ಇಬ್ಬರು ರೋಬೋಟುಗಳ ಚಿತ್ರ ಮತ್ತು ಅದರ ಜೊತೆಯ ಕೆಲವು ಚಿತ್ರಗಳು, ಹಿಂಜರಿಯುತ್ತಿದ್ದ ಸ್ಟುಡಿಯೋಗೆ ಕಥೆ ಹೇಗಿರಲಿದೆ ಎಂದು ತೋರಿಸಿಕೊಟ್ಟವು. ಇನ್ನೊಂದು ಕಡೆ ‘2001’ಕ್ಕೂ ಕೆಲಸ ಮಾಡಿದ್ದ ಕಾಲಿನ್ ಕ್ಯಾಂಟ್‌ವೆಲ್ ಎಕ್ಸ್-ವಿಂಗ್, ವೈ-ವಿಂಗ್, ಟೈ ಫೈಟರ್‌ಗಳ ಮೊದಲ ಮಾಡೆಲ್‌ಗಳನ್ನು ಮಾಡಿದರು. ಹಾಗಾಗಿ ಚಿತ್ರದಿಂದ ಮಾಡೆಲ್ ಹುಟ್ಟಿತು ಎಂಬುದು ಪೂರ್ತಿ ನಿಜವಲ್ಲ. ಕ್ಯಾಂಟ್‌ವೆಲ್‌ರ ಮಾಡೆಲ್ ನೋಡಿ ಮೆಕ್‌ಕ್ವಾರಿ ಚಿತ್ರ ಬರೆದರು, ಅದನ್ನು ನೋಡಿ ಸ್ಟೋರಿಬೋರ್ಡ್ ಕಲಾವಿದ ಜೋ ಜಾನ್‌ಸ್ಟನ್ ಹೊಸ ರೇಖಾಚಿತ್ರ ಮಾಡಿದರು, ಅದರಿಂದ ಮತ್ತೆ ಮಾಡೆಲ್. ವಿನ್ಯಾಸ ಕೈಯಿಂದ ಕೈಗೆ ಹೋಗುತ್ತಾ ಬದಲಾಗುತ್ತಿತ್ತು.

1975ರಲ್ಲಿ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನ ಒಂದು ಗೋದಾಮಿನಲ್ಲಿ ‘ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್’ ಶುರುವಾಯಿತು. ಏರ್ ಕಂಡೀಷನ್ ಇಲ್ಲದ, ಬೇಸಿಗೆಯಲ್ಲಿ ಕಾದ ಹಂಚಿನಂತಾಗುವ ಕಟ್ಟಡ. ಮಾಡೆಲ್ ವಿಭಾಗದ ಮುಖ್ಯಸ್ಥರು ಗ್ರಾಂಟ್ ಮೆಕ್ಯೂನ್. ಸ್ಟೀವ್ ಗಾಲಿ, ಲೋರ್ನ್ ಪೀಟರ್‌ಸನ್, ಪಾಲ್ ಹಸ್ಟನ್ ಮುಂತಾದ ಯುವಕರು ಅಲ್ಲಿದ್ದರು. ಅವರು ಕಿಟ್ಟುಗಳನ್ನು ರಾಶಿ ರಾಶಿಯಾಗಿ ಕೊಂಡು ತಂದರು. ಟ್ಯಾಂಕು, ವಿಮಾನ, ಹಡಗು, ರೇಸ್ ಕಾರು. ಯಾವ ಕಿಟ್ಟನ್ನೂ ಪೆಟ್ಟಿಗೆಯ ಮೇಲಿನ ಚಿತ್ರದಂತೆ ಕಟ್ಟಲಿಲ್ಲ. ಹಸೆಗಾವಾ ಕಂಪನಿಯ ‘ಲಿಯೋಪೋಲ್ಡ್’ ಎಂಬ ಜರ್ಮನ್ ರೈಲ್ವೆ ಫಿರಂಗಿಯ ಕಿಟ್ಟು ಅವರಿಗೆ ಬಹಳ ಪ್ರಿಯವಾದದ್ದು, ಏಕೆಂದರೆ ಅದರಲ್ಲಿ ಚಿಕ್ಕ ಚಿಕ್ಕ ಯಂತ್ರಭಾಗಗಳು ಹೇರಳ. ಹೀಗೆ ಮೈಮೇಲೆ ಅಂಟಿಸುವ, ಹೆಸರಿಲ್ಲದ ಚೂರುಗಳಿಗೆ ‘ಗ್ರೀಬ್ಲಿ’ ಎಂಬ ಅಡ್ಡಹೆಸರು ಬಂತು.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸೆಟ್ ಅಲಂಕಾರ ನೋಡಿಕೊಳ್ಳುತ್ತಿದ್ದ ರೋಜರ್ ಕ್ರಿಶ್ಚಿಯನ್ ನಿಜವಾದ ಗುಜರಿಗೇ ಕೈಹಾಕಿದ್ದರು. ಹಳೆಯ ವಿಮಾನಗಳ, ಜೆಟ್ ಎಂಜಿನ್ನುಗಳ ತುಂಡುಗಳನ್ನು ಕೊಂಡು ತಂದು ನೌಕೆಗಳ ಒಳಗೋಡೆಗೆ ಜೋಡಿಸಿದರು. ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಶ್ ಹಿಡಿಕೆ ಲೈಟ್‌ಸೇಬರ್ ಆಯಿತು. ಅಂದರೆ ಆ ಸಿನಿಮಾದ ಭವಿಷ್ಯ ಎರಡು ಖಂಡಗಳಲ್ಲಿ, ಎರಡು ಅಳತೆಗಳಲ್ಲಿ, ಒಂದೇ ವಿಧಾನದಿಂದ ಎದ್ದಿತು. ನಮ್ಮ ಊರಿನ ಗುಜರಿ ಅಂಗಡಿಯವನು ಇದನ್ನು ನೋಡಿದ್ದರೆ ಹೊಸದೇನೂ ಅನ್ನಿಸುತ್ತಿರಲಿಲ್ಲ. ಬಿಸಾಡಿದ್ದು ಯಾವುದಕ್ಕೂ ಆದೀತು ಎಂಬುದು ಅವನ ವ್ಯಾಪಾರದ ಮೊದಲ ಸೂತ್ರ.

ತಾಂತ್ರಿಕ ಕಟ್ಟುಪಾಡುಗಳೂ ಮಾಡೆಲ್‌ಗಳ ರೂಪವನ್ನು ತೀರ್ಮಾನಿಸಿದವು. ನೌಕೆಗಳನ್ನು ನೀಲಿ ಪರದೆಯ ಮುಂದೆ ಚಿತ್ರಿಸಿ, ಆಮೇಲೆ ನೀಲಿಯನ್ನು ತೆಗೆದು ನಕ್ಷತ್ರಗಳನ್ನು ಸೇರಿಸುತ್ತಿದ್ದರು. ಮಾಡೆಲ್‌ನ ಮೇಲೆ ನೀಲಿ ಬಣ್ಣವಿದ್ದರೆ ಆ ಭಾಗವೂ ಮಾಯವಾಗುತ್ತಿತ್ತು. ಹಾಗಾಗಿ ನೀಲಿ ಪಟ್ಟಿಯ ದಳವಾಗಬೇಕಿದ್ದ ಎಕ್ಸ್-ವಿಂಗ್‌ಗಳು ಕೆಂಪು ಪಟ್ಟಿಯ ದಳವಾದವು. ಡೈಕ್‌ಸ್ಟ್ರಾ ತಂಡ ಕಟ್ಟಿದ ಡೈಕ್‌ಸ್ಟ್ರಾಫ್ಲೆಕ್ಸ್ ಎಂಬ ಕ್ಯಾಮೆರಾ ವ್ಯವಸ್ಥೆ ಒಂದೇ ಚಲನೆಯನ್ನು ಎಷ್ಟು ಸಲ ಬೇಕಾದರೂ ಪುನರಾವರ್ತಿಸುತ್ತಿತ್ತು. ಮಾಡೆಲ್ ನಿಂತಲ್ಲೇ ನಿಂತು, ಕ್ಯಾಮೆರಾ ಅದರ ಮೈಗೆ ತೀರಾ ಹತ್ತಿರ ಹಾದುಹೋಗುತ್ತಿತ್ತು. ಚಿತ್ರದ ಮೊದಲ ದೃಶ್ಯದಲ್ಲಿ ನಮ್ಮ ತಲೆಯ ಮೇಲೆ ಮುಗಿಯದಂತೆ ಸಾಗುವ ಸ್ಟಾರ್ ಡೆಸ್ಟ್ರಾಯರ್‌ನ ಮಾಡೆಲ್ ಸುಮಾರು 3 ಅಡಿ ಉದ್ದದ್ದು ಮಾತ್ರ. ಅಷ್ಟು ಹತ್ತಿರದಿಂದ ನೋಡಿದಾಗಲೂ ಕಣ್ಣು ಮೋಸಹೋಗಬೇಕಾದರೆ ವಿವರಗಳು ಒತ್ತೊತ್ತಾಗಿ ಇರಲೇಬೇಕಿತ್ತು.

ಇಲ್ಲಿಯವರೆಗಿನದು ಸಿನಿಮಾ ಇತಿಹಾಸದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವ ಕಥೆ. ನನ್ನ ಕುತೂಹಲ ಕಿಟ್ಟುಗಳ ಪೆಟ್ಟಿಗೆಗಳ ಕಡೆ ತಿರುಗಿತು. ಆ ಚೂರುಗಳು ಬಂದದ್ದು ಎಲ್ಲಿಂದ?

ಅವುಗಳಲ್ಲಿ ಬಹಳಷ್ಟು ಬಂದದ್ದು ಜಪಾನಿನ ಶಿಜುವೊಕಾ ಎಂಬ ನಗರದಿಂದ. ಮರದ ಕೆಲಸಕ್ಕೆ ಹೆಸರಾದ ಊರು ಅದು. 1945ರ ಜೂನ್‌ನಲ್ಲಿ ಅಮೆರಿಕದ ಬಾಂಬುಗಳಿಗೆ ಸುಟ್ಟುಹೋಯಿತು. ಮರುವರ್ಷ ಅಲ್ಲೊಂದು ಮರದ ವ್ಯಾಪಾರದ ಸಂಸ್ಥೆ ಶುರುವಾಯಿತು. ಅದೇ ಮುಂದೆ ಮರದ ಮಾಡೆಲ್‌ಗಳನ್ನೂ, ಆಮೇಲೆ ಪ್ಲಾಸ್ಟಿಕ್ ಮಾಡೆಲ್‌ಗಳನ್ನೂ ಮಾಡುವ ತಾಮಿಯಾ ಆಯಿತು. 1960ರ ದಶಕದ ಆರಂಭದಲ್ಲಿ ಅವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ಟು ತಂದರು. ಮೋಟರು ಮತ್ತು ಬ್ಯಾಟರಿಗಳು ಒಳಗೆ ಹಿಡಿಸುವಷ್ಟು ದೊಡ್ಡದಾಗಿ ಮಾಡಿದಾಗ ಅದರ ಪ್ರಮಾಣ 35ಕ್ಕೆ 1 ಆಯಿತು. ಇಂದು ಜಗತ್ತಿನಾದ್ಯಂತ ಸೈನಿಕ ಮಾಡೆಲ್‌ಗಳಿಗೆ ಮಾನಕವಾಗಿರುವ ಅಳತೆ ಹುಟ್ಟಿದ್ದು ಬ್ಯಾಟರಿಯ ಗಾತ್ರದಿಂದ. ಇತಿಹಾಸದಲ್ಲಿ ಇಂಥ ಆಕಸ್ಮಿಕಗಳು ಎಷ್ಟು ಗಟ್ಟಿಯಾಗಿ ನೆಲೆನಿಲ್ಲುತ್ತವೆ ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಆ ಪ್ಯಾಂಥರ್‌ನ ಪೆಟ್ಟಿಗೆಯ ಮೇಲಿನ ಚಿತ್ರ ಬರೆದವರು ಶಿಗೆರು ಕೊಮಾತ್ಸುಜಾಕಿ. ಅವರು ಯುದ್ಧಯಂತ್ರಗಳ ಚಿತ್ರಗಳಿಗೂ ವೈಜ್ಞಾನಿಕ ಕಲ್ಪನೆಯ ಚಿತ್ರಗಳಿಗೂ ಸಮಾನವಾಗಿ ಹೆಸರಾದವರು. ಜಪಾನಿನಲ್ಲಿ ಬಂದ ‘ಥಂಡರ್‌ಬರ್ಡ್ಸ್’ ಕಿಟ್ಟುಗಳ ಪೆಟ್ಟಿಗೆಗಳ ಮೇಲೂ ಅವರದೇ ಚಿತ್ರ. ಹಾಗೆ ನೋಡಿದರೆ ಚಿತ್ರ ಮತ್ತು ಮಾಡೆಲ್ ಎರಡೂ ಒಂದು ವರ್ತುಲದಲ್ಲಿ ಸುತ್ತುತ್ತಿವೆ. ಚಿತ್ರ ನೋಡಿ ಹುಡುಗ ಕಿಟ್ಟು ಕೊಳ್ಳುತ್ತಾನೆ, ಕಿಟ್ಟಿನ ಚೂರು ಸಿನಿಮಾದ ನೌಕೆಯಾಗುತ್ತದೆ, ನೌಕೆಯನ್ನು ನೋಡಿ ಮತ್ತೊಬ್ಬ ಚಿತ್ರ ಬರೆಯುತ್ತಾನೆ.

ಈ ವರ್ತುಲದೊಳಗೆ ಎರಡನೆಯ ಮಹಾಯುದ್ಧ ಕೂತಿದೆ. ಲೂಕಸ್ ತನ್ನ ಆಕಾಶಯುದ್ಧದ ದೃಶ್ಯಗಳನ್ನು ಯೋಜಿಸಿದ್ದು ಹಳೆಯ ಯುದ್ಧ ಸಿನಿಮಾಗಳ ವಿಮಾನ ಕಾಳಗದ ತುಣುಕುಗಳನ್ನು ಜೋಡಿಸಿಕೊಂಡು. ಪಾತ್ರಗಳ ಕೈಯಲ್ಲಿರುವ ಬ್ಲಾಸ್ಟರ್‌ಗಳಲ್ಲಿ ಒಂದು ಮೌಸರ್ ಪಿಸ್ತೂಲು, ಇನ್ನೊಂದು ಬ್ರಿಟಿಷ್ ಸ್ಟರ್ಲಿಂಗ್ ಬಂದೂಕು. ನೌಕೆಯ ಮೈಮೇಲಿನ ಉಬ್ಬುತಗ್ಗುಗಳು ಹಿಟ್ಲರನ ಸೈನ್ಯದ ಟ್ಯಾಂಕುಗಳ ಅಚ್ಚಿನವು. ಅವು ತಯಾರಾದದ್ದು ಬಾಂಬಿಗೆ ಸುಟ್ಟ ನಗರದಲ್ಲಿ, ಮಾರಾಟವಾದದ್ದು ಬಾಂಬು ಹಾಕಿದ ದೇಶದಲ್ಲಿ. ಬಹಳ ಹಿಂದೆ, ಬಹಳ ದೂರದಲ್ಲಿ ನಡೆದ ಕಥೆ ಎಂದು ಹೇಳಿಕೊಳ್ಳುವ ಆ ಸಿನಿಮಾದ ಯಂತ್ರಗಳ ಚರ್ಮವನ್ನು ಸ್ವಲ್ಪ ಕೆರೆದರೆ ಮೂವತ್ತು ವರ್ಷ ಹಿಂದಿನ ಯುರೋಪು ಕಾಣುತ್ತದೆ.

ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಯುವಕರು ಆ ಚೂರುಗಳನ್ನು ಆಯ್ದುಕೊಂಡದ್ದು ಅವುಗಳ ಆಕಾರಕ್ಕಾಗಿ. ಆದರೆ ಇತಿಹಾಸದ ವಿದ್ಯಾರ್ಥಿಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ. 1970ರ ದಶಕದಲ್ಲಿ ಸೈನಿಕ ಮಾಡೆಲ್ ಕಟ್ಟುವವರೂ ವೆದರಿಂಗನ್ನು ದೊಡ್ಡ ಕಲೆಯಾಗಿ ಬೆಳೆಸಿದರು. ಅಮೆರಿಕದಲ್ಲಿ ಮೊನೋಗ್ರಾಮ್ ಕಂಪನಿಯ ಕಿಟ್ಟುಗಳ ಜೊತೆ ಶೆಪರ್ಡ್ ಪೇನ್ ಅವರ ಡಯೊರಾಮಾಗಳ ಬಣ್ಣದ ಹಾಳೆಗಳು ಬರುತ್ತಿದ್ದವು. ಅವನ್ನು ನೋಡಿ ಒಂದು ತಲೆಮಾರು ಕೆಸರು, ಹೊಗೆ, ತುಕ್ಕು ಮಾಡುವುದನ್ನು ಕಲಿಯಿತು. ಇಂದು ಯಾವುದೇ ಮಾಡೆಲ್ ಸ್ಪರ್ಧೆಯ ಚಿತ್ರಗಳನ್ನು ನೋಡಿ. ಟ್ಯಾಂಕಿನ ಪಟ್ಟಿಯ ಕೆಸರು ಯಾವ ಋತುವಿನದು ಎಂದು ಹೇಳಬಹುದು, ಅಷ್ಟು ಸೂಕ್ಷ್ಮ. ಆದರೆ ಆ ಟ್ಯಾಂಕು ಏನು ಮಾಡಿತು, ಯಾರ ಮನೆಯ ಮೇಲೆ ಹಾದುಹೋಯಿತು ಎಂಬುದರ ಗುರುತು ಅದರ ಮೈಮೇಲೆ ಬಹುಮಟ್ಟಿಗೆ ಇರುವುದಿಲ್ಲ. ಕೆಸರನ್ನು ತೋರಿಸುತ್ತೇವೆ, ರಕ್ತವನ್ನು ಬಿಡುತ್ತೇವೆ. ಸವೆತ ಎಂಬುದು ಕಾಲ ಮತ್ತು ಹವೆ ಸೇರಿ ಮಾಡಿದ ಕೆಲಸ ಎನ್ನುವ ಹಾಗೆ ಇಂಗ್ಲಿಷಿನ ‘ವೆದರಿಂಗ್’ ಎಂಬ ಹೆಸರೇ ಸೂಚಿಸುತ್ತದೆ. ಮಳೆ, ಗಾಳಿ, ಬಿಸಿಲು. ಮನುಷ್ಯರ ಹೆಸರು ಅದರಲ್ಲಿಲ್ಲ.

ನಾನು ಕಟ್ಟಲು ಆಯ್ದುಕೊಂಡ ಯಂತ್ರಕ್ಕೂ ಈ ಯೋಚನೆಗೂ ನಂಟಿದೆ. ಮೊದಲ ‘ಸ್ಟಾರ್ ವಾರ್ಸ್’ನಲ್ಲಿ ಮರುಭೂಮಿಯ ಮೇಲೆ ಉರುಳುವ ಸ್ಯಾಂಡ್‌ಕ್ರಾಲರ್ ಎಂಬ ಭಾರೀ ವಾಹನವಿದೆ. ಜಾವಾ ಎಂಬ ಕುಳ್ಳ ಜನ ಅದರಲ್ಲಿ ಓಡಾಡುತ್ತಾ ಕೆಟ್ಟ ರೋಬೋಟುಗಳನ್ನೂ ಲೋಹದ ತುಂಡುಗಳನ್ನೂ ಆಯ್ದು, ರಿಪೇರಿ ಮಾಡಿ ಮಾರುತ್ತಾರೆ. ಚಲಿಸುವ ಗುಜರಿ ಅಂಗಡಿ. ಚಿತ್ರೀಕರಣಕ್ಕೆ ಟ್ಯುನೀಷಿಯಾದ ಮರುಭೂಮಿಯಲ್ಲಿ ಅದರ ಕೆಳಭಾಗವನ್ನು ಮಾತ್ರ ನಿಜ ಗಾತ್ರದಲ್ಲಿ ಕಟ್ಟಿದ್ದರು. ಪೂರ್ತಿ ವಾಹನ ಇದ್ದದ್ದು ಚಿತ್ರದಲ್ಲಿ ಮತ್ತು ಮಾಡೆಲ್‌ನಲ್ಲಿ. ಅದು ಯುದ್ಧನೌಕೆಯಲ್ಲ. ಅದರ ಮೈಮೇಲಿನ ಗುರುತುಗಳೆಲ್ಲ ದುಡಿಮೆಯವು. ನನ್ನ ಓದಿಗೆ ಅದು ಹತ್ತಿರದ್ದೆನಿಸಿತು.

ಚಿತ್ರದಿಂದ ಅಳತೆ ತೆಗೆಯುವುದು ಶಾಸನದ ಅರ್ಧ ಅಳಿಸಿದ ಸಾಲನ್ನು ಓದುವ ಹಾಗೆ. ಚಿತ್ರ ಒಂದೇ ಕೋನದಿಂದ ನೋಡಿದ್ದು. ದೂರದ ಭಾಗ ಚಿಕ್ಕದಾಗಿ, ಹತ್ತಿರದ ಭಾಗ ದೊಡ್ಡದಾಗಿ ಕಾಣುತ್ತದೆ. ಮೊದಲು ಚಿತ್ರದ ಪ್ರತಿಯ ಮೇಲೆ ಯಂತ್ರದ ಸಮಾನಾಂತರ ಅಂಚುಗಳನ್ನು ಗೆರೆ ಎಳೆದು ಮುಂದುವರಿಸಿ, ಅವು ಎಲ್ಲಿ ಸೇರುತ್ತವೆ ಎಂದು ನೋಡುತ್ತೇನೆ. ಆ ಬಿಂದು ಸಿಕ್ಕರೆ ಕಲಾವಿದನ ಕಣ್ಣು ಎಲ್ಲಿತ್ತು ಎಂದು ತಿಳಿಯುತ್ತದೆ. ಆಮೇಲೆ ಗೊತ್ತಿರುವ ಒಂದು ಅಳತೆ ಬೇಕು. ಬಾಗಿಲು, ಏಣಿ, ನಿಂತ ಮನುಷ್ಯ, ಏನಾದರೂ ಆಗಬಹುದು. ಜಾವಾ ಸುಮಾರು 1 ಮೀಟರ್ ಎತ್ತರ ಎಂದುಕೊಂಡರೆ, 72ಕ್ಕೆ 1ರ ಪ್ರಮಾಣದಲ್ಲಿ ಅವನು 14 ಮಿಲಿಮೀಟರ್. ಅವನು ಹಾದುಹೋಗುವ ಬಾಗಿಲು 20 ಮಿಲಿಮೀಟರ್ ಇದ್ದರೆ ಸಾಕು. ಬಾಗಿಲಿನಿಂದ ಗೋಡೆ, ಗೋಡೆಯಿಂದ ಇಡೀ ವಾಹನ. ಒಂದು ಕುಳ್ಳ ದೇಹ ಇಡೀ ಯಂತ್ರಕ್ಕೆ ಅಳತೆಗೋಲು.

ಚಿತ್ರದಲ್ಲಿ ಕಾಣದ ಇನ್ನೊಂದು ಪಕ್ಕವನ್ನು ಏನು ಮಾಡುವುದು? ಇಲ್ಲಿ ಕಟ್ಟುವವರಲ್ಲಿ ಎರಡು ಪಂಥಗಳಿವೆ. ಕಂಡ ಪಕ್ಕವನ್ನೇ ಕನ್ನಡಿಯಂತೆ ಮರುಮೂಡಿಸುವವರು ಕೆಲವರು. ಯಂತ್ರದ ಒಳಗಿನ ಕೆಲಸವನ್ನು ಊಹಿಸಿ, ಎಂಜಿನ್ ಇಲ್ಲಿದ್ದರೆ ಹೊಗೆಕೊಳವೆ ಅಲ್ಲಿರಬೇಕು ಎಂದು ತರ್ಕಿಸುವವರು ಇನ್ನು ಕೆಲವರು. ನಾನು ಎರಡನೆಯ ಗುಂಪಿನವನು. ಆದರೆ ಊಹಿಸಿದ್ದನ್ನು ಊಹೆ ಎಂದು ಗುರುತಿಟ್ಟುಕೊಳ್ಳುತ್ತೇನೆ. ನಕ್ಷೆಯಲ್ಲಿ ಚಿತ್ರದಿಂದ ಬಂದ ಗೆರೆಗಳು ಕಪ್ಪು, ನನ್ನ ಗೆರೆಗಳು ಕೆಂಪು. ಸಂಪಾದನೆಯ ಶಾಸ್ತ್ರದಲ್ಲಿ ಪಾಠ ಯಾವುದು, ಸಂಪಾದಕನ ಸೇರ್ಪಡೆ ಯಾವುದು ಎಂದು ಬೇರ್ಪಡಿಸುವ ಹಾಗೆ.

ಕಟ್ಟುವುದು ಸ್ಟೈರೀನ್ ಹಾಳೆಯಿಂದ. ಚೂಪಾದ ಬ್ಲೇಡಿನಿಂದ ಗೀರಿ ಬಗ್ಗಿಸಿದರೆ ಗೀರಿದಲ್ಲಿಗೇ ಲಟಕ್ಕನೆ ಮುರಿಯುತ್ತದೆ. ದ್ರಾವಕ ತಾಗಿಸಿದರೆ ಎರಡು ಹಾಳೆಗಳ ಅಂಚು ಕರಗಿ ಒಂದಾಗುತ್ತವೆ. ಒಳಗೆ ಅಡ್ಡಗೋಡೆಗಳಿಲ್ಲದಿದ್ದರೆ ದೊಡ್ಡ ಹಾಳೆ ದಿನ ಕಳೆದಂತೆ ಸೊಟ್ಟಗಾಗುತ್ತದೆ. ಗ್ರೀಬ್ಲಿಗಳಿಗೆ ನನ್ನ ಬಳಿ ಒಂದು ಬಿಸ್ಕತ್ತಿನ ಡಬ್ಬಿಯಿದೆ. ಕೆಟ್ಟ ಕ್ಯಾಸೆಟ್ ಪ್ಲೇಯರಿನ ಹಲ್ಲುಚಕ್ರ, ಪೆನ್ನಿನ ಸ್ಪ್ರಿಂಗು, ಮಾತ್ರೆಯ ಹಾಳೆ, ಮೊಬೈಲ್ ಚಾರ್ಜರಿನ ಒಳಗಿನ ತುಂಡುಗಳು. ಟ್ಯಾಂಕಿನ ಕಿಟ್ಟು ಕೊಳ್ಳುವಷ್ಟು ಸಂಶೋಧನಾ ವೇತನ ಬರುವುದಿಲ್ಲ ಎಂಬುದೂ ಒಂದು ಕಾರಣ.

ಆಮೇಲೆ ವೆದರಿಂಗ್. ಇದು ಪದರ ಪದರವಾಗಿ ನಡೆಯುತ್ತದೆ. ತಳದಲ್ಲಿ ತುಕ್ಕಿನ ಬಣ್ಣ, ಅದರ ಮೇಲೆ ಉಪ್ಪಿನ ಹರಳನ್ನೋ ಅಂಟುದ್ರವವನ್ನೋ ಅಲ್ಲಲ್ಲಿ ಹಚ್ಚಿ, ಮೇಲೆ ಮುಖ್ಯ ಬಣ್ಣ. ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆದರೆ ಬಣ್ಣ ಕಿತ್ತುಬಂದು ಒಳಗಿನ ತುಕ್ಕು ಕಾಣುತ್ತದೆ. ನೀರಾಗಿಸಿದ ಗಾಢ ಬಣ್ಣವನ್ನು ಮೇಲೆ ಹರಿಸಿದರೆ ಅದು ಸಂದುಗಳಲ್ಲಿ ನಿಂತು ನೆರಳಾಗುತ್ತದೆ. ಬಹುತೇಕ ಒಣಗಿದ ಕುಂಚದಿಂದ ತಿಳಿಬಣ್ಣವನ್ನು ಅಂಚುಗಳಿಗೆ ಸವರಿದರೆ ಬೆಳಕು ಬಿದ್ದಂತಾಗುತ್ತದೆ. ಕೊನೆಗೆ ಸೀಮೆಸುಣ್ಣದ ಪುಡಿಯ ಧೂಳು. ಇವೆಲ್ಲ ಯಾರಾದರೂ ಕಲಿಯಬಹುದಾದ ತಂತ್ರಗಳು. ಎಲ್ಲಿ ಮಾಡಬೇಕು ಎಂದು ತೀರ್ಮಾನಿಸುವುದೇ ಕಷ್ಟ.

ನನ್ನ ಸ್ಯಾಂಡ್‌ಕ್ರಾಲರಿಗೆ ನಾನು ಹಾಕಿಕೊಂಡ ನಿಯಮ ಒಂದೇ: ಯಾರು ಮಾಡಿದರು ಎಂದು ಹೇಳಲಾಗದ ಗುರುತು ಇರಕೂಡದು. ಮುಂಭಾಗದ ಕೆಳಗಿನ ತಗಡುಗಳು ಮರಳು ಉಜ್ಜಿ ಹೊಳೆಯುತ್ತವೆ, ಏಕೆಂದರೆ ವಾಹನ ಆ ದಿಕ್ಕಿಗೆ ಚಲಿಸುತ್ತದೆ. ಏಣಿಯ ಮೆಟ್ಟಿಲುಗಳಲ್ಲಿ ನಡುಭಾಗ ಮಾತ್ರ ಸವೆದಿದೆ. ಬಾಗಿಲಿನ ಪಕ್ಕದ ಕೈಗುರುತು ನೆಲದಿಂದ 10 ಮಿಲಿಮೀಟರ್ ಎತ್ತರದಲ್ಲಿದೆ, ಏಕೆಂದರೆ ಮುಟ್ಟುವವರು ಕುಳ್ಳರು. ಒಂದು ತಗಡು ಉಳಿದವುಗಳಿಗಿಂತ ಬೇರೆ ಬಣ್ಣದ್ದು, ಬೇರೆ ಯಾವುದೋ ಯಂತ್ರದಿಂದ ಕಿತ್ತು ತಂದು ಹಾಕಿದ್ದು. ರಿಪೇರಿ ಮಾಡಿದವನೊಬ್ಬ ಇದ್ದ ಎಂದು ಅದು ಹೇಳುತ್ತದೆ. ಸಾಮಾನು ಇಳಿಸುವ ಬಾಗಿಲಿನ ಕೆಳಗೆ ಉದ್ದುದ್ದ ಗೀರುಗಳು. ಎಳೆದು ತಂದ ರೋಬೋಟುಗಳ ಕಾಲಿನವು. ಮಾರಾಟಕ್ಕೆ ಎಳೆಯಲ್ಪಟ್ಟವರು ಸುಮ್ಮನೆ ಬರಲಿಲ್ಲ ಎಂಬುದನ್ನೂ ಆ ವಾಹನದ ಮೈ ಹೇಳಬೇಕು ಅನ್ನಿಸಿತು.

ಕಲ್ಪನೆಯ ಸವೆತ ಹೀಗಾದರೆ, ನಿಜವಾದ ಸವೆತ ತನ್ನ ಪಾಡಿಗೆ ತಾನು ನಡೆಯುತ್ತದೆ. ‘2001’ರ ಮಾಡೆಲ್‌ಗಳಲ್ಲಿ ಹೆಚ್ಚಿನವು ನಾಶವಾದವು. ಉಳಿದ ‘ಏರೀಸ್’ ಎಂಬ ಚಂದ್ರನೌಕೆಯ ಮಾಡೆಲ್ 2015ರಲ್ಲಿ ಹರಾಜಿಗೆ ಬಂದು, ಆಸ್ಕರ್ ಕೊಡುವ ಅಕಾಡೆಮಿ ಅದನ್ನು 3,44,000 ಡಾಲರಿಗೆ ಕೊಂಡಿತು. ಕಳೆದೇಹೋಗಿದೆ ಎಂದುಕೊಂಡಿದ್ದ ಒಂದು ಎಕ್ಸ್-ವಿಂಗ್ ಹೆಸರಾಂತ ಮಾಡೆಲ್ ತಯಾರಕ ಗ್ರೆಗ್ ಜೀನ್ 2022ರಲ್ಲಿ ತೀರಿಕೊಂಡ ಮೇಲೆ ಅವರ ಸಂಗ್ರಹದ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಮರುವರ್ಷದ ಹರಾಜಿನಲ್ಲಿ ಅದರ ಬೆಲೆ 30 ಲಕ್ಷ ಡಾಲರ್ ದಾಟಿತು. ವ್ಯಾನ್ ನೈಸ್‌ನ ಬಿಸಿಲಿನಲ್ಲಿ ಬೆವರುತ್ತಾ ಗೀರಿದ ಸುಳ್ಳು ಗೀರುಗಳ ಮೇಲೆ ಈಗ ನಾಲ್ಕು ದಶಕಗಳಿಗೂ ಹೆಚ್ಚಿನ ಕಾಲದ ನಿಜವಾದ ಗೀರುಗಳು ಸೇರಿವೆ. ಯಾವುದು ಕಲೆ, ಯಾವುದು ಕಾಲ ಎಂದು ಬೇರ್ಪಡಿಸುವುದು ಮುಂದಿನ ಸಂಗ್ರಹಾಲಯದವರ ಪಾಡು.

ನಿಜವಾಗಿ ಬಾಹ್ಯಾಕಾಶಕ್ಕೆ ಹೋಗಿಬಂದ ಒಂದು ನೌಕೆಯನ್ನೂ ಇಲ್ಲಿ ನೆನೆಯಬೇಕು. ಅಪೊಲೊ 11ರ ‘ಕೊಲಂಬಿಯಾ’ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. 2016ರಲ್ಲಿ ಅದರ ಒಳಭಾಗವನ್ನು 3ಡಿ ಸ್ಕ್ಯಾನ್ ಮಾಡಿದಾಗ ಗೋಡೆಗಳ ಮೇಲೆ ಗಗನಯಾತ್ರಿಗಳು ಕೈಯಲ್ಲಿ ಬರೆದ ಟಿಪ್ಪಣಿಗಳು ಸಿಕ್ಕವು. ಅವುಗಳಲ್ಲಿ ಒಂದು ಪುಟ್ಟ ಕ್ಯಾಲೆಂಡರ್. ಕಳೆದ ದಿನಗಳನ್ನು ಒಂದೊಂದಾಗಿ ಹೊಡೆದುಹಾಕಿದ್ದಾರೆ. ಚಂದ್ರನಿಗೆ ಹೋಗುವ ಯಂತ್ರದಲ್ಲಿ ಮನುಷ್ಯ ಬಿಟ್ಟ ಗುರುತು ಅದು. ಕುಬ್ರಿಕ್‌ನ ಶುಭ್ರ ನೌಕೆಗಳಲ್ಲಿ ಇಂಥದ್ದಕ್ಕೆ ಜಾಗವಿರಲಿಲ್ಲ.

ಈಗ ಹೆಚ್ಚಿನ ನೌಕೆಗಳು ಕಂಪ್ಯೂಟರಿನಲ್ಲೇ ಹುಟ್ಟುತ್ತವೆ. ಯಂತ್ರದ ಅಂಚುಗಳನ್ನು ತಾನೇ ಗುರುತಿಸಿ ಅಲ್ಲೆಲ್ಲ ಬಣ್ಣ ಹೋದಂತೆ, ಸಂದುಗಳಲ್ಲೆಲ್ಲ ಧೂಳು ಕೂತಂತೆ ಮಾಡುವ ತಂತ್ರಾಂಶಗಳಿವೆ. ಕ್ಷಣಾರ್ಧದಲ್ಲಿ ಹಳೆತನ ಸಿದ್ಧ. ಎಲ್ಲ ಅಂಚುಗಳೂ ಸಮವಾಗಿ ಸವೆದಿರುತ್ತವೆ, ಏಣಿ ಇರುವ ಕಡೆಯೂ, ಯಾರೂ ಎಂದೂ ಹೋಗದ ಕಡೆಯೂ. ಅದರ ನಡುವೆಯೂ 2019ರ ‘ದಿ ಮ್ಯಾಂಡಲೋರಿಯನ್’ ಸರಣಿಗಾಗಿ ಜಾನ್ ಗುಡ್‌ಸನ್ ‘ರೇಜರ್ ಕ್ರೆಸ್ಟ್’ ನೌಕೆಯ ನಿಜವಾದ ಮಾಡೆಲ್ ಕಟ್ಟಿದರು, ಅದನ್ನು ಚಿತ್ರಿಸಲು ಜಾನ್ ನೋಲ್ ಹಳೆಯ ಬಗೆಯ ಕ್ಯಾಮೆರಾ ವ್ಯವಸ್ಥೆಯನ್ನು ಮತ್ತೆ ಸಜ್ಜುಗೊಳಿಸಿದರು. ಆದರೆ ಕೈಯಿಂದ ಮಾಡಿದ್ದೆಲ್ಲ ಒಳ್ಳೆಯದು, ಕಂಪ್ಯೂಟರಿನದೆಲ್ಲ ಟೊಳ್ಳು ಎಂದು ನಾನು ನಂಬುವುದಿಲ್ಲ. ಯೋಚಿಸದೆ ಮೆತ್ತಿದ ತುಕ್ಕು ಕುಂಚದಿಂದ ಬಂದರೂ ಅಷ್ಟೇ, ತಂತ್ರಾಂಶದಿಂದ ಬಂದರೂ ಅಷ್ಟೇ.

ನನಗೆ ಉಳಿಯುವ ಪ್ರಶ್ನೆ ಹಗಲಿನ ಕೆಲಸಕ್ಕೆ ಸೇರಿದ್ದು. ಸವೆತವನ್ನು ಸೃಷ್ಟಿಸಲು ಕುಳಿತಾಗ, ಪ್ರತಿ ಗೀರಿಗೂ ಒಬ್ಬ ವ್ಯಕ್ತಿಯನ್ನು ಊಹಿಸಬೇಕಾಗುತ್ತದೆ. ಆ ಅಭ್ಯಾಸವಾದ ಮೇಲೆ ನಿಜವಾದ ಬೀಸುಕಲ್ಲಿನ ಮುಂದೆ ಕೂತಾಗ ‘ಕಾಲಾಂತರದಲ್ಲಿ ಸವೆದಿದೆ’ ಎಂದು ಬರೆಯಲು ಕೈ ಬರುವುದಿಲ್ಲ. ಕಾಲ ಯಾವ ಕಲ್ಲನ್ನೂ ಬೀಸಲಿಲ್ಲ. ಬೀಸಿದವಳೊಬ್ಬಳಿದ್ದಳು. ಬಲಗೈಯವಳು, ಗೂಟದ ಸವೆತ ಇರುವ ಎತ್ತರ ನೋಡಿದರೆ ಬಹುಶಃ ಕಾಲು ಚಾಚಿ ಕೂರುತ್ತಿದ್ದವಳು. ಅವಳ ಹೆಸರು ನಮಗೆ ಸಿಗಲಾರದು. ಆದರೆ ವಾಕ್ಯದಲ್ಲಿ ಕರ್ತೃಪದದ ಜಾಗವನ್ನು ಕಾಲಕ್ಕೆ ಬಿಟ್ಟುಕೊಡದೆ ಅವಳಿಗೆ ಕೊಡಬಹುದು. ನನ್ನ ಪ್ರಬಂಧದ ಮೂರನೆಯ ಅಧ್ಯಾಯವನ್ನು ಈಗ ಹಾಗೆ ತಿದ್ದಿ ಬರೆಯುತ್ತಿದ್ದೇನೆ. ವಾಕ್ಯಗಳು ಉದ್ದವಾಗುತ್ತಿವೆ, ಅಡ್ಡಿಯಿಲ್ಲ.